ಗುಳಿಗೆಗೆ ಖಝಾ ಇಲ್ಲ

ತೀರಿಹೋದ ಅಬ್ದುಲ್ಲಾಕನ ಮಯ್ಯತ್ತಿನ ಎಡಗಾಲಿಗೆ ನೀರು ಹೊಯ್ಯುತ್ತಿದ್ದ ಮೂಸಾ ಕೈ ತಡೆದರು. ಸ್ನಾನ ಮಾಡಿಸಲು ಬಂದಿದ್ದ ಭಟ್ಕಳದ ಝಕರಿಯಾ ಸಾಹೇಬರು ಆ ಪಾದವನ್ನು ಅಂಗೈಯಲ್ಲಿ ಹಿಡಿದು ನೋಡುತ್ತಲೇ ಇದ್ದರು.

“ಸಕ್ಕರೆ ಕಾಯಿಲೆ ಎಷ್ಟು ವರ್ಷದಿಂದ ಅಂದ್ರಿ?”

“ಇಪ್ಪತ್ತು.”

“ಆದ್ರೂ ಒಂದು ಬಿರುಕಿಲ್ಲ, ಒಂದು ಗಾಯ ಇಲ್ಲ! ಬೆರಳು ಹೋದ ಕಾಲುಗಳನ್ನ ನಾನಿಲ್ಲಿ ಎಷ್ಟು ತೊಳೆದಿದ್ದೇನೆ ಅಂತ ಅಲ್ಲಾಹನಿಗೇ ಗೊತ್ತು.”

“ದಿನಾ ಬೆಳಿಗ್ಗೆ ಸುಬಹ್ ನಮಾಜ್ ಆದ ಮೇಲೆ ನೆಲದಲ್ಲಿ ಕನ್ನಡಿ ಇಟ್ಟು ಅಂಗಾಲು ನೋಡ್ತಿದ್ರು,” ಎಂದರು ಮೂಸಾ. “ಮದುಮಗ ಮುಖ ನೋಡ್ತಾನೆ, ಅಬ್ದುಲ್ಲಾಕ ಕಾಲು ನೋಡ್ತಾರೆ ಅಂತ ನಾವು ನಗಾಡ್ತಿದ್ದೆವು.”

“ಮಯ್ಯತ್ತಿನಲ್ಲಿ ಕಂಡ ಕುಂದು ಹೇಳಬಾರದು. ಇದನ್ನ ಹೇಳಬಹುದು,” ಎಂದು ಸಾಹೇಬರು ಆ ಪಾದವನ್ನು ಮೆಲ್ಲಗೆ ಇಳಿಸಿದರು.

ವಿಟ್ಲದ ಅಬ್ದುಲ್ಲ ಕುಂಞಿ, ಎಲ್ಲರ ಅಬ್ದುಲ್ಲಾಕ, ಸೌದಿಯ ಅಲ್ ಖರ್ಜ್‌ನ ಹಾಲಿನ ಫಾರ್ಮಿನ ಕ್ಯಾಂಪಿನಲ್ಲಿ ಇಪ್ಪತ್ತಾರು ವರ್ಷ ಅಡುಗೆ ಮಾಡಿದವರು. ಐದು ದಿನಗಳ ಹಿಂದೆ ಸುಬಹ್ ಮುಗಿಸಿ ಚಾಪೆಗೆ ಒರಗಿದವರು ಏಳಲಿಲ್ಲ. ಕಾಗದಪತ್ರ ಮುಗಿಯುವಾಗ ಇವತ್ತಾಯಿತು. ಊರಿನಿಂದ ಹೆಂಡತಿ ರಹ್ಮತ್ ಫೋನಿನಲ್ಲಿ ಅತ್ತು, ಕೊನೆಗೆ ಹೇಳಿದ್ದರು: “ಅಲ್ಲಿಯೇ ದಫನ್ ಮಾಡಿ ಮೂಸಾಕ. ಹೋದ ರಜೆಯಲ್ಲಿ ಮೊಮ್ಮಗಳ ಕೈ ಹಿಡಿದು ಪೇಟೆಯೆಲ್ಲ ನಡೆದಿದ್ದಾರೆ. ನನಗೆ ಅಷ್ಟು ಸಾಕು.”

ಅದೇ ಕ್ಯಾಂಪಿನ ಮೂಸಾರ ಜೇಬಿನಲ್ಲಿ ಒಂದು ಹೊಸ ಗುಳಿಗೆಯ ಪೆಟ್ಟಿಗೆಯಿತ್ತು. ಅವರಿಗೂ ಅದೇ ಕಾಯಿಲೆ. ಅಬ್ದುಲ್ಲಾಕ ತೀರಿಹೋದ ಹಿಂದಿನ ದಿನ ಡಾಕ್ಟರು ಗುಳಿಗೆ ಬದಲಾಯಿಸಿ ಏನೇನೋ ಹೇಳಿದ್ದರು. ಮೂಸಾ ಎಲ್ಲದಕ್ಕೂ “ತಮಾಮ್, ತಮಾಮ್,” ಸರಿ ಸರಿ ಎಂದು ತಲೆಯಾಡಿಸಿ ಬಂದಿದ್ದರು. ಅರ್ಥವಾಗಲಿಲ್ಲ ಎನ್ನಲು ನಾಚಿಕೆ; ಹೇಗೂ ನಾಳೆ ಅಬ್ದುಲ್ಲಾಕ ಕೇಳಿ ಹೇಳುತ್ತಾರೆಂಬ ಧೈರ್ಯ. ಆ ನಾಳೆ ಬರಲೇ ಇಲ್ಲ. ಪೆಟ್ಟಿಗೆಯನ್ನು ಇನ್ನೂ ಒಡೆದಿರಲಿಲ್ಲ.

*

ಹದಿನಾಲ್ಕು ವರ್ಷಗಳ ಹಿಂದಿನ ರಂಝಾನ್. ಹಗಲಿಡೀ ಉಪವಾಸ, ಗುಳಿಗೆ ನುಂಗುವಂತಿಲ್ಲ. ತಪ್ಪಿದ ನಮಾಜನ್ನು ಆಮೇಲೆ ಖಝಾ ಮಾಡಿ ತುಂಬಿಕೊಡುವುದಿಲ್ಲವೇ? ಅಬ್ದುಲ್ಲ ಕುಂಞಿ ಹಾಗೆಯೇ ಲೆಕ್ಕ ಹಾಕಿ, ದಿನದ ಮೂರೂ ಗುಳಿಗೆಗಳನ್ನು ಸಂಜೆ ಉಪವಾಸ ಬಿಡುವ ಖರ್ಜೂರದ ಜೊತೆ ಒಟ್ಟಿಗೇ ನುಂಗುತ್ತಿದ್ದರು. ಎಂಟನೆಯ ದಿನದ ನೋಂಬು ಬಿಟ್ಟ ಮೇಲೆ ಗಂಜಿಯ ಪಾತ್ರೆಯ ಪಕ್ಕದಲ್ಲೇ ಬೆವೆತು ಕುಸಿದರು.

ಆಸ್ಪತ್ರೆಯಲ್ಲಿ ಕಣ್ಣು ಬಿಟ್ಟಾಗ ಉಡುಪಿಯ ನರ್ಸ್ ಶಬ್ನಮ್ ಎದುರಿಗಿದ್ದಳು. ವಿಷಯ ಕೇಳಿ ಅವಳು ಬೈಯಲಿಲ್ಲ.

“ಗುಳಿಗೆಗೆ ಖಝಾ ಇಲ್ಲ ಕಾಕಾ. ತಪ್ಪಿದ್ದನ್ನೆಲ್ಲ ಸೇರಿಸಿ ತಿಂದ್ರೆ ಪ್ರಾಣಕ್ಕೇ ಬರ್ತದೆ. ನೋಂಬಿಗೆ ಮೊದಲೇ ಬಂದು ಕೇಳ್ಬೇಕಿತ್ತು.”

“ಎಂತ ಕೇಳುವುದು ಮಗಳೇ? ನಾನು ಮೂರನೇ ಕ್ಲಾಸ್.”

“ಮೂರೇ ಮಾತು ಕೇಳಿ. ಇದು ಎಂತಕ್ಕೆ? ಯಾವಾಗ? ತಪ್ಪಿದರೆ ಎಂತ ಮಾಡ್ಬೇಕು?”

ಅಬ್ದುಲ್ಲ ಕುಂಞಿ ಆ ಮೂರು ಮಾತುಗಳನ್ನು ದುಆದಂತೆ, ಪ್ರಾರ್ಥನೆಯಂತೆ ಬಾಯಿಪಾಠ ಮಾಡಿದರು. ಕ್ಯಾಂಪಿನಲ್ಲಿ ಬಂಗಾಳಿ, ನೇಪಾಳಿ, ಮಲಯಾಳಿ, ಎಲ್ಲರೂ ಇದ್ದರು. ಯಾರ ಗುಳಿಗೆ ಬಂದರೂ ವಿಚಾರಿಸಿ, ದಪ್ಪ ಪೆನ್ನಿನಲ್ಲಿ ಪೆಟ್ಟಿಗೆಯ ಮೇಲೆ ಚಿತ್ರ ಬರೆದುಕೊಟ್ಟರು. ಬೆಳಿಗ್ಗೆಗೆ ಸೂರ್ಯ, ರಾತ್ರಿಗೆ ಚಂದ್ರ. ಬರಿಯ ತಟ್ಟೆಯಿದ್ದರೆ ಊಟಕ್ಕೆ ಮೊದಲು, ಅನ್ನ ತುಂಬಿದ್ದರೆ ಊಟದ ಮೇಲೆ.

*

ಇಳಿಹೊತ್ತಿನ ಅಸರ್ ನಮಾಜಿನ ನಂತರ ದಫನ್ ಆಯಿತು. ಮೂಸಾ ಮೂರು ಹಿಡಿ ಮಣ್ಣು ಹಾಕಿದರು. ಹೆಸರು ಬರೆಯದ ಒಂದು ಕಲ್ಲು ನೆಟ್ಟರು. ಅದಕ್ಕಿಂತ ಹೆಚ್ಚಿನದು ಅಬ್ದುಲ್ಲಾಕನಿಗೆ ಬೇಕಾಗಿಯೂ ಇರಲಿಲ್ಲ.

ಹಿಂದಿರುಗುವಾಗ ವ್ಯಾನಿನಲ್ಲಿ ಮೂಸಾರಿಗೆ ತಲೆ ಭಾರವಾಯಿತು, ನಾಲಿಗೆ ಒಣಗಿತು. ಪೆಟ್ಟಿಗೆ ಒಡೆದರು. ಐದು ದಿನ ತಪ್ಪಿದೆ. ಐದು ಗುಳಿಗೆ ಅಂಗೈಗೆ ಬಂದವು. ನೀರಿನ ಬಾಟಲಿಯ ಮುಚ್ಚಳ ತಿರುವುವಾಗ ಅಬ್ದುಲ್ಲಾಕ ಹೇಳುತ್ತಿದ್ದ ಮಾತು ನೆನಪಾಯಿತು: ಗುಳಿಗೆಗೆ ಖಝಾ ಇಲ್ಲ.

“ಝುಹೈರ್, ಮೆಡಿಕಲ್ ಶಾಪಿನಲ್ಲಿ ನಿಲ್ಲಿಸು,” ಎಂದರು ಕ್ಯಾಂಪಿನ ಡ್ರೈವರನಿಗೆ.

ಅಂಗಡಿಯ ಮಿಸ್ರಿ, ಈಜಿಪ್ಟಿನವ, ಪೆಟ್ಟಿಗೆ ನೋಡಿ ಒಂದೇ ಉಸಿರಿಗೆ ಹೇಳಿ ಮುಗಿಸಿದ. ಮೂಸಾರ ಬಾಯಿಗೆ “ತಮಾಮ್” ಬಂದಿತ್ತು. ಅದನ್ನು ನುಂಗಿಕೊಂಡು, ತಮಗೆ ಬರುವ ಹರಕು ಅರಬಿಯಲ್ಲಿ, “ಲಾ, ಇಲ್ಲ. ಅರ್ಥ ಆಗಲಿಲ್ಲ. ನಿಧಾನ ಹೇಳು,” ಎಂದರು. ಮೂರೂ ಮಾತು ಕೇಳಿದರು. ಮಿಸ್ರಿ ಮೂಸಾರ ಅಂಗೈಯಿಂದ ನಾಲ್ಕು ಗುಳಿಗೆ ಪೆಟ್ಟಿಗೆಗೆ ಮರಳಿ ಹಾಕಿ, ಒಂದನ್ನು ಎತ್ತಿ ತೋರಿಸಿ, ಬಾಯಿಗೆ ತುತ್ತು ಇಡುವಂತೆ ಸನ್ನೆ ಮಾಡಿದ. ದಿನಕ್ಕೆ ಒಂದೇ, ಬೆಳಿಗ್ಗೆ, ತಿಂಡಿಯ ಮೇಲೆ.

ವ್ಯಾನ್ ಹೊರಟಿತು. ಮೂಸಾ ಜೇಬಿನಿಂದ ಅಬ್ದುಲ್ಲಾಕನ ದಪ್ಪ ಪೆನ್ನು ತೆಗೆದು ಮೊಣಕಾಲ ಮೇಲೆ ಪೆಟ್ಟಿಗೆ ಇಟ್ಟು ಬರೆದರು.

ಝುಹೈರ್ ಇಣುಕಿದ. “ಎಂತ ಮೂಸಾಕ, ಏಡಿಯಾ?”

“ಸೂರ್ಯ ಮಾರಾಯ! ನಿನ್ನ ಗಾಡಿ ಕುಲುಕಿದ್ರೆ ನಾನೇನು ಮಾಡ್ಲಿ?”

ಝುಹೈರ್ ಜೋರಾಗಿ ನಕ್ಕ. ಐದು ದಿನಗಳಲ್ಲಿ ಅದೇ ಮೊದಲ ನಗು. ಸ್ವಲ್ಪ ದೂರ ಹೋದ ಮೇಲೆ ಸ್ಟೇರಿಂಗಿನ ಹಿಂದಿನಿಂದ ತನ್ನದೊಂದು ಗುಳಿಗೆಯ ಪೆಟ್ಟಿಗೆ ತೆಗೆದು, ರಸ್ತೆಯಿಂದ ಕಣ್ಣು ಕೀಳದೆ ಮೂಸಾರ ಮಡಿಲಿಗೆ ಹಾಕಿದ. “ಹಾಗಾದ್ರೆ ಇದಕ್ಕೂ ಒಂದು ಬರೀರಿ.”

ಮೂಸಾ ಪೆನ್ನಿನ ಮುಚ್ಚಳವನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದರು, ಥೇಟ್ ಅಬ್ದುಲ್ಲಾಕನ ಹಾಗೆ.

“ಮೊದಲು ಹೇಳು. ಇದು ಎಂತಕ್ಕೆ?”

“ಅದನ್ನ ನಾನು ಕೇಳಲೇ ಇಲ್ಲ,” ಎಂದ ಝುಹೈರ್. ಆಮೇಲೆ ಸಿಗ್ನಲ್ ಹಾಕಿ, ಮುಂದಿನ ತಿರುವಿನಲ್ಲಿ ಗಾಡಿಯನ್ನು ಅಂಗಡಿಯ ಕಡೆಗೆ ಹಿಂದಿರುಗಿಸಿದ.