ಮದುವೆ ಕೋಟಿನ ಅಳತೆ

ವಕೀಲರ ಹೊಸ ಕೋಟಿನೊಳಗೆ ತೋಳೇನೋ ಹೋಯಿತು, ಹೊಟ್ಟೆ ಹೋಗಲಿಲ್ಲ. ಗುಂಡಿಗೂ ಕಾಜಕ್ಕೂ ನಡುವೆ ಗೇಣಗಲ ಉಳಿಯಿತು. ಟೈಲರ್ ಮಾಸ್ತರ ಹೆಂಡತಿ ಕೋಟಿಗೆ ಟೇಪು ಹಿಡಿದು ನೋಡಿದಳು. ಎದೆ ಮೂವತ್ತಾರು. ಅದು ಇಪ್ಪತ್ತೆರಡು ವರ್ಷದ ಹಿಂದೆ ತಮ್ಮ ಮದುವೆ ಕೋಟಿಗೆ ತೆಗೆದಿದ್ದ ಅಳತೆ ಎಂದರು ವಕೀಲರು! ಹೋದ ಸೋಮವಾರ ಮಾಸ್ತರು ಹೊಸದಾಗಿ ಅಳೆದದ್ದನ್ನು ಅವಳೇ ಕಣ್ಣಾರೆ ಕಂಡಿದ್ದಳು.

ಮಾಸ್ತರು ಅಳತೆಯನ್ನು ಯಾವತ್ತೂ ಬರೆದವರಲ್ಲ. ಎಲ್ಲ ತಲೆಯಲ್ಲೇ. ಅಂಗಡಿಗೆ ಹೆಸರು ಬಂದದ್ದೂ ಅದರಿಂದಲೇ. ಈಗ ನೋಡಿದರೆ ಈ ವರ್ಷ ಹಾಳಾದ ಮೂರನೇ ಬಟ್ಟೆ ಇದು. ಸೋಮವಾರ ವಕೀಲರು ಬಂದೇ ಇರಲಿಲ್ಲ ಎಂದು ಮಾಸ್ತರು ಹಟ ಹಿಡಿದರು. ಅವಳಿಗೆ ಮೈಯೆಲ್ಲ ಉರಿದು, ಗಿರಾಕಿಯ ಎದುರಿಗೇ ಸುಳ್ಳುಗಾರ ಎಂದುಬಿಟ್ಟಳು. ಅವರು ಕತ್ತರಿಯನ್ನು ಮಡಿಲಲ್ಲಿಟ್ಟುಕೊಂಡು ತಲೆ ತಗ್ಗಿಸಿ ಕೂತರು.

ಸಮವಸ್ತ್ರದ ಅಂಚು ಹೊಲಿಸಲು ಬಂದಿದ್ದ ನರ್ಸಮ್ಮ ಅವಳನ್ನು ಪಕ್ಕಕ್ಕೆ ಕರೆದರು. ಇದು ಮರೆವಿನ ಕಾಯಿಲೆ ಇರಬಹುದು, ಆಸ್ಪತ್ರೆಗೆ ತೋರಿಸಿ ಎಂದರು.

"ಎಲ್ಲಿಯ ಮರೆವು? ಇಪ್ಪತ್ತೆರಡು ವರ್ಷದ ಅಳತೆ ಕೂದಲೆಳೆಯಷ್ಟೂ ತಪ್ಪಿಲ್ಲ. ಸೋಮವಾರದ್ದು ಮಾತ್ರ ಮರೀತಾರಾ? ಎಲ್ಲ ನಾಟಕ."

"ಅದೇ ಅಕ್ಕ ಇದರ ಗುರುತು. ಹೊಸದಾಗಿ ಕಂಡದ್ದು, ಕೇಳಿದ್ದು ಬಟ್ಟೆ ಮೇಲಿನ ಸೀಮೆಸುಣ್ಣದ ಗೆರೆ ಇದ್ದ ಹಾಗೆ. ಮಿದುಳಿನೊಳಗೆ ಒಂದು ಪುಟ್ಟ ಭಾಗ ಇದೆ. ಅದು ಆ ಗೆರೆ ಮೇಲೆ ಹೊಲಿಗೆ ಹಾಕಿ ಗಟ್ಟಿ ಮಾಡುತ್ತೆ. ನಾವು ನಿದ್ದೆ ಮಾಡುವಾಗಲೂ ಆ ಕೆಲಸ ನಡೀತಿರುತ್ತೆ. ಹಳೇದೆಲ್ಲ ಹೊಲಿದು ಆಗಿದೆ. ಈಗ ಆ ಭಾಗವೇ ಸೋತಿದ್ರೆ, ಸೋಮವಾರದ ಗೆರೆ ಹೊಲಿಗೆ ಬೀಳೋ ಮೊದಲೇ ಅಳಿಸಿಹೋಗುತ್ತೆ. ಅವರು ಸುಳ್ಳು ಹೇಳ್ತಿಲ್ಲ."

 ಗಿರಾಕಿಯ ಎದುರಿಗೇ ಸುಳ್ಳುಗಾರ ಎಂದೆನಲ್ಲ, ಇದಕ್ಕೆ ಔಷಧಿ ಇದೆಯೇ ಎಂದು ಅವಳು ಕೇಳಿದಳು. ಕೆಲವರಿಗೆ ಥೈರಾಯ್ಡ್ ತೊಂದರೆಯಿಂದಲೋ ವಿಟಮಿನ್ ಕೊರತೆಯಿಂದಲೋ ಹೀಗಾಗುತ್ತದೆ, ಅದಕ್ಕೆ ಔಷಧಿ ಇದೆ. ಬೇರೆ ಕಾಯಿಲೆಯಾದರೂ ಬೇಗ ತೋರಿಸಿದಷ್ಟು ಒಳ್ಳೆಯದು ಎಂದು ನರ್ಸಮ್ಮ ತಿಳಿಸಿದರು.

ಆಸ್ಪತ್ರೆಗೆ ಹೋಗಿಬರೋಣ ಎಂದು ಅವಳು ಮಾಸ್ತರನ್ನು ಕರೆದಳು. ಅವರು ಅಂದರು, "ಬರ್ತೀನಿ. ಕತ್ತರಿ ಮಾತ್ರ ಕಿತ್ಕೋಬೇಡ ಕಣೇ. ಅದೂ ಹೋದ್ರೆ ನಾನ್ಯಾರು?"

"ಯಾರೂ ಕಿತ್ಕೊಳ್ಳಲ್ಲ. ಇನ್ಮೇಲೆ ನೀವು ಹೇಳಿ, ನಾನು ಬರ್ಕೋತೀನಿ."

ಡಾಕ್ಟರು ಪರೀಕ್ಷೆ ಮಾಡಿ, ಇದು ಮರೆವಿನ ಕಾಯಿಲೆಯೇ, ಇನ್ನೂ ಮೊದಲ ಹಂತದಲ್ಲಿದೆ ಎಂದರು. ಪೂರ್ತಿ ವಾಸಿಯಾಗುವುದಿಲ್ಲ ಎಂಬುದನ್ನೂ ಮುಚ್ಚಿಡಲಿಲ್ಲ. ಮಾತ್ರೆ ಬರೆದುಕೊಟ್ಟರು, ಕೆಲಸ ಬಿಡಿಸಬೇಡಿ ಎಂದರು. ಈಗ ಅಂಗಡಿಯಲ್ಲಿ ಅಳತೆ ಪುಸ್ತಕವಿದೆ. ಮೊದಲ ಪುಟದಲ್ಲಿ ವಕೀಲರು: ಎದೆ ನಲವತ್ತನಾಲ್ಕು.

ನಿಮ್ಮ ಮನೆಯಲ್ಲೂ ಹಳೆಯದನ್ನೆಲ್ಲ ನೆನೆದು ನಿನ್ನೆಯದನ್ನು ಮರೆಯುವವರು ಇದ್ದಾರೆಯೇ? ಕೇಳಿದ್ದನ್ನೇ ಮತ್ತೆ ಮತ್ತೆ ಕೇಳುತ್ತಾರೆಯೇ? ನಾಟಕ ಎನ್ನಬೇಡಿ, ವಯಸ್ಸಾಯಿತು ಎಂದು ಕೈಬಿಡಬೇಡಿ. ಈ ವಾರವೇ ಆಸ್ಪತ್ರೆಗೆ ಕರೆದೊಯ್ಯಿರಿ. ನೀವು ಬೈದದ್ದನ್ನು ಅವರು ಮರೆತಾರು. ನಿಮಗೆ ಮಾತ್ರ ಅದು ಮರೆಯುವುದಿಲ್ಲ, ಮಾಸ್ತರ ಹೆಂಡತಿಯನ್ನು ಕೇಳಿ ನೋಡಿ.