ಬಿಟ್ಟುಕೊಡಬೇಕಾದ ಗೋಲು

ಬಿಟ್ಟುಬಿಟ್ಟರೆ ಮುಗಿಯಿತು, ಅದರಲ್ಲೇನಿದೆ ಎಂದುಕೊಳ್ಳುತ್ತ ಓರೆಸ್ಟ್ ಎಡಗಾಲಿನ ಪ್ಯಾಡಿನ ಪಟ್ಟಿ ಬಿಗಿದ. ಬೆರಳುಗಳು ಅವನನ್ನು ಕೇಳದೆ ಕೆಲಸ ಮಾಡುತ್ತಿದ್ದವು.

ಹಳೆಯ ಐಸ್‌ಹಾಕಿ ಪಂದ್ಯವೊಂದರಲ್ಲಿ ಡೆಲ್ಮರ್ ಹೊಡೆದ ಗೋಲನ್ನು ಮತ್ತೆ ಆಡಿ ತೋರಿಸುವ ಸಮಾರಂಭದ ಹೊಣೆ ಹೊತ್ತಿದ್ದ ಕಾರ್ವಿನ್ ಎದುರಿಗೆ ನಿಂತಿದ್ದ. "ನೋಡಪ್ಪಾ, ಡೆಲ್ಮರ್ ಕೈ ಈಗ ನಡುಗತ್ತೆ. ಮೆಲ್ಲಗೆ ಹೊಡೀತಾನೆ. ನೀನು ಬಲಕ್ಕೆ ವಾಲು, ಎಡಗಡೆ ಬಿಡು. ಆವತ್ತಿನ ಹಾಗೇನೇ."

"ಆವತ್ತು ನಾನು ಬಿಟ್ಟಿರಲಿಲ್ಲ."

"ಅದೇ ಮಾರಾಯ, ಹೋಯ್ತಲ್ಲ."

ಆ ಗೋಲಿನಿಂದ ಡೆಲ್ಮರ್ ತಂಡಕ್ಕೆ ಕಪ್ ಸಿಕ್ಕಿತ್ತು. ಓರೆಸ್ಟ್‌ಗೆ ಒಂದು ಹೆಸರು ಸಿಕ್ಕಿತ್ತು. ಅದಾದ ಮೇಲೂ ಎಷ್ಟೋ ವರ್ಷ ಹಿಮದ ಬಯಲು ದಾಟುವ ಬಸ್ಸುಗಳಲ್ಲಿ ತತ್ತ್ವಶಾಸ್ತ್ರ ಓದುತ್ತ, ಊರೂರಿನ ಗೋಲು ಕಾದ. ಜೊತೆಯವರು ಪ್ರೊಫೆಸರ್ ಎಂದು ಕಿಚಾಯಿಸಿದರು. ಆಟ ಬಿಟ್ಟು ಕೆನಡಾದ ಸಸ್ಕಟೂನ್‌ನಲ್ಲಿ ಮೇಷ್ಟ್ರಾದ. ಮೊದಲ ದಿನವೇ ಹಿಂದಿನ ಬೆಂಚಿನಿಂದ ಯಾರೋ, "ಡೆಲ್ಮರ್ ಗೋಲು ಬಿಟ್ಟವರು ನೀವೇನಾ ಸಾರ್?" ಎಂದಿದ್ದರು.

ಬೆಳಿಗ್ಗೆ ಆಲೂಗೆಡ್ಡೆ ಹೆರೆಯುತ್ತಿದ್ದ ಹೆಂಡತಿ ಐರೀನ್ ಕೇಳಿದ್ದಳು: "ಹೋಗ್ಲೇಬೇಕಾ?"

"ಕರೆದಿದಾರೆ."

"ಇನ್ನೊಂದ್ಸಲ ಗೋಲು ಹೊಡೆಸ್ಕೊಳ್ಳೋಕೆ."

"ಪಾಪ, ಅವನಿಗೆ ಕಾಯಿಲೆ."

"ನಿನ್ನ ಸೊಂಟ ಗಟ್ಟಿಯಾಗಿದೆ ಅಂತಾನಾ?"

ಅವನು ಕೋಟು ಹುಡುಕುವ ನೆಪದಲ್ಲಿ ಎದ್ದಿದ್ದ.

ಗ್ಯಾಲರಿ ಅರ್ಧ ತುಂಬಿತ್ತು. ಅಂಕಣದ ಗಾಜಿನಾಚೆ ಡೆಲ್ಮರ್‌ನ ಮೊಮ್ಮಕ್ಕಳು ಅಜ್ಜನ ಹೆಸರಿನ ಅಂಗಿ ತೊಟ್ಟು ನಿಂತಿದ್ದರು. ಡೆಲ್ಮರ್ ಮಂಜುಗಡ್ಡೆಯ ಮೇಲೆ ಮೆಲ್ಲನೆ ಜಾರುತ್ತ ಹತ್ತಿರ ಬಂದ.

"ನೀನಿಲ್ದೆ ಹೋಗಿದ್ರೆ ನನ್ನ ಯಾರು ನೆನಪಿಟ್ಕೊಳ್ತಿದ್ರು ಹೇಳು."

"ಸಂತೋಷ," ಎಂದ ಓರೆಸ್ಟ್.

ಮುಖವಾಡ ಇಳಿಸಿಕೊಂಡ. ಡೆಲ್ಮರ್ ದೂರ ಸರಿದು, ತಿರುಗಿ, ಕೋಲು ಬೀಸಿದ. ಕರಿಯ ರಬ್ಬರ್ ಬಿಲ್ಲೆ ದಾರಿ ತಪ್ಪಿದ ಹುಳದಂತೆ ತೆವಳುತ್ತ ಬಂತು. ಓರೆಸ್ಟ್ ಹೇಳಿಕೊಟ್ಟಂತೆ ಬಲಕ್ಕೆ ವಾಲಿ ಮೊಣಕಾಲೂರಿದ. ಅಷ್ಟರಲ್ಲಿ ಎಡಗಾಲು ತಾನಾಗಿ ಚಾಚಿಕೊಂಡಿತು.

ಧಪ್ಪೆಂದು ಒಂದು ಸದ್ದು. ಬಿಲ್ಲೆ ಪ್ಯಾಡಿಗೆ ಒರಗಿ ನಿಂತಿತು.

ಯಾರೂ ಚಪ್ಪಾಳೆ ತಟ್ಟಲಿಲ್ಲ. ಧ್ವನಿವರ್ಧಕದಲ್ಲಿ ಕಾರ್ವಿನ್ ಕೆಮ್ಮಿದ. "ಇನ್ನೊಂದ್ಸಲ ಮಾಡೋಣ್ವಾ?"

ಡೆಲ್ಮರ್ ಬೇಡವೆಂದು ಕೈಯಾಡಿಸಿದ. ಹತ್ತಿರ ಬಂದು, ಬಗ್ಗಿ, ತಗ್ಗಿದ ದನಿಯಲ್ಲಿ ಹೇಳಿದ: "ಆವತ್ತೇ ಹೀಗೆ ತಡೀಬಹುದಿತ್ತಲ್ಲೋ."

ಅವನು ಮೊಮ್ಮಕ್ಕಳ ಕಡೆಗೆ ಹೊರಟುಹೋದ. ಅವರು ಅಜ್ಜನನ್ನು ನೋಡದೆ ಓರೆಸ್ಟ್‌ನನ್ನೇ ನೋಡುತ್ತಿದ್ದರು. ಕ್ಷಮೆ ಕೇಳಬೇಕೆನಿಸಿತು. ಯಾರನ್ನು, ಯಾವುದಕ್ಕೆ ಎಂಬುದು ಹೊಳೆಯಲಿಲ್ಲ. ಸಂತೋಷಕ್ಕಾಗಿ ಒಳಗೆಲ್ಲ ತಡಕಿದ. ತಡೆದದ್ದು ಕಾಲು, ತಾನಲ್ಲ ಎಂಬುದಷ್ಟೇ ಸಿಕ್ಕಿತು.

ಜನ ಕಾಫಿಗೆ ಎದ್ದರು. ಅವನೂ ಏಳಲು ನೋಡಿದ. ಸೊಂಟ ಮಾತು ಕೇಳಲಿಲ್ಲ.

ಮೂಲೆಯ ಬಾಗಿಲು ತೆರೆದು, ಮಂಜುಗಡ್ಡೆ ನುಣುಪು ಮಾಡುವ ಯಂತ್ರ ಗುರುಗುಟ್ಟುತ್ತ ಒಳಬಂತು. "ಯಜಮಾನ್ರೇ, ಏಳ್ತೀರಾ?" ಎಂದು ಚಾಲಕ ಕೂಗಿದ.

ಆಸರೆ ಬೇಕೆಂದು ಓರೆಸ್ಟ್ ಕೈಯೆತ್ತಿದ. ಚಾಲಕ ಅದನ್ನು ಅಪ್ಪಣೆಯೆಂದುಕೊಂಡು ತಲೆದೂಗಿದ.

ಯಂತ್ರ ಸುತ್ತು ಹಾಕತೊಡಗಿತು. ಸ್ಕೇಟಿನ ಗೀರುಗಳೆಲ್ಲ ಅಳಿಸಿ ಹೋಗಿ, ಯಾರೂ ಎಂದೂ ಕಾಲಿಡದಂಥ ಒದ್ದೆ ಹೊಳಪು ನಾಲ್ಕೂ ಕಡೆಯಿಂದ ಅವನತ್ತ ಹರಡುತ್ತ ಬಂತು. ಅವನ ಮಂಡಿಯ ಸುತ್ತ ಮಾತ್ರ, ಒಂದು ಹಾಸಿಗೆಯಷ್ಟು ಜಾಗ, ಬಿಳಿಚಿಕೊಂಡು, ಗೀರು ಬಿದ್ದು ಹಾಗೇ ಉಳಿಯಿತು.