ಮಂಚದ ತಲೆಯ ಚೀಟಿ

ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಹದಿನೆಂಟು ವರ್ಷ ದುಡಿದವಳು ನಾನು. ಮೇಲ್ವಿಚಾರಕಿ ಆಗಬೇಕಾದರೆ ಇಂಗ್ಲಿಷ್ ಪರೀಕ್ಷೆ ಪಾಸಾಗಬೇಕು ಅಂದರು. ಮೈಯೆಲ್ಲ ಉರಿಯಿತು. ಕೊಳೆಗೆ ಯಾವ ಭಾಷೆಯಾದರೇನು? ಆದರೆ ಮಗಳು ಬಿಡಬೇಕಲ್ಲ! ಹೃದಯದ ತೊಂದರೆಯಿಂದ ಕಾಲೇಜು ಬಿಟ್ಟು ಹಾಸಿಗೆ ಹಿಡಿದಿದ್ದವಳು ನನಗೇ ಮೇಷ್ಟ್ರಾಗಿಬಿಟ್ಟಳು.

"ಇದು ಕ್ರಿಯಾವಿಶೇಷಣ ಅಮ್ಮ. ಕೆಲಸ ಹೇಗೆ ಮಾಡ್ತೀವಿ ಅಂತ ಹೇಳುತ್ತೆ. ನಾವು 'ನಿಧಾನವಾಗಿ' ಅಂತ ಕೊನೆಗೆ 'ಆಗಿ' ಸೇರಿಸ್ತೀವಲ್ಲ, ಅವರು 'ಲಿ' ಸೇರಿಸ್ತಾರೆ. ಸ್ಲೋ, ಸ್ಲೋಲಿ."

"ಎಲ್ಲದಕ್ಕೂ ಬಾಲ ಕಟ್ಟಿದ್ರೆ ಮುಗೀತಾ?"

"ಇಲ್ಲ. ಫಾಸ್ಟ್‌ಗೆ ಬಾಲ ಇಲ್ಲ. ನಿನ್ನ ಥರ, ಓಡೋ ಅವಸರದಲ್ಲಿ ಎಲ್ಲೋ ಬಿಟ್ಟು ಬಂದಿದೆ."

ನನ್ನ ತಲೆಗೆ ಹತ್ತಲಿಲ್ಲ. ಆಗ ಚೀಟಿ ಬರೆದು ಅಂಟಿಸತೊಡಗಿದಳು. ಬಾಗಿಲಿಗೆ ಕ್ವಯಟ್ಲಿ, ನಲ್ಲಿಗೆ ಟೈಟ್ಲಿ, ಒಲೆಯ ಪಕ್ಕ ಕೇರ್‌ಫುಲಿ. ಕೈ ಹಾಕುವ ಮುಂಚೆ ಓದಬೇಕು, ಓದಿದ ಹಾಗೇ ಮಾಡಬೇಕು. ಬಾಗಿಲನ್ನು ದಡಾರನೆ ಹಾಕಿದರೆ ಮತ್ತೆ ತೆಗೆಸಿ ಮೆಲ್ಲಗೆ ಹಾಕಿಸುತ್ತಿದ್ದಳು.

ತನ್ನ ಮಂಚದ ತಲೆಯ ಬಳಿ ಗೋಡೆಗೂ ಒಂದು ಚೀಟಿ ಅಂಟಿಸಿ, ಅದರ ಮೇಲೆ ಖಾಲಿ ಕಾಗದ ಮುಚ್ಚಿದಳು.

"ಇದು ನೀನು ಪಾಸಾದ್ಮೇಲೆ. ಕದ್ದು ನೋಡಿದ್ರೆ ನಿನ್ಹತ್ರ ಮಾತಾಡಲ್ಲ."

"ನೋಡಲ್ಲ ಕಣೇ, ನಿನ್ನಾಣೆ."

ಪರೀಕ್ಷೆಗೆ ಇಪ್ಪತ್ತು ದಿನ ಇರುವಾಗ ಮಗಳು ಹೋದಳು.

ಮಣ್ಣು ಮಾಡಿ ಬಂದ ಮರುದಿನ ಬೆಳಿಗ್ಗೆ, ನೆಂಟರು ಬರುತ್ತಾರೆಂದು ಮನೆ ತೊಳೆಯಲು ನಿಂತೆ. ಕೈಗೆ ಏನಾದರೂ ಕೆಲಸ ಬೇಕಿತ್ತು, ಇಲ್ಲದಿದ್ದರೆ ಹುಚ್ಚು ಹಿಡಿಯುತ್ತಿತ್ತು. ನಮ್ಮ ವಿಭಾಗದಲ್ಲಿ ಒಂದು ನಿಯಮ: ಬಟ್ಟೆಗೆ ಯಾವ ಚೀಟಿ ಅಂಟಿದ್ದರೂ ಒಗೆಯುವ ಮುಂಚೆ ಬಿಸಿನೀರು ಹಾಕಿ, ಉಗುರಿನಲ್ಲಿ ಕೆರೆದು ಬಕೆಟ್ಟಿಗೆ ಎಸೆಯಬೇಕು. ಹದಿನೆಂಟು ವರ್ಷ ಈ ಕೈ ಅದನ್ನೇ ಮಾಡಿದೆ. ಕಣ್ಣು ತುಂಬಿತ್ತು, ಮನಸ್ಸು ಎಲ್ಲೋ ಇತ್ತು, ಕೈ ತನ್ನ ಪಾಡಿಗೆ ಮನೆಯ ಚೀಟಿಗಳನ್ನೂ ಕೆರೆಯುತ್ತಾ ಹೋಯಿತು. ಎಚ್ಚರವಾದಾಗ ಬಕೆಟ್ಟಿನಲ್ಲಿ ಶಾಯಿ ಬಿಟ್ಟ ನೀಲಿ ನೀರು, ಕಾಗದದ ಮುದ್ದೆ. ಮಂಚದ ತಲೆಯದೂ ಅದರೊಳಗೇ ಕರಗಿತ್ತು. ಆ ಕೈಗಳನ್ನು ಗೋಡೆಗೆ ಚಚ್ಚಿಕೊಂಡು ಅತ್ತೆ.

ಪರೀಕ್ಷೆ ಬರೆದೆ, ಪಾಸಾದೆ.

"ಕ್ರಿಯಾವಿಶೇಷಣ ಒಂದೂ ತಪ್ಪಿಲ್ವಲ್ಲಮ್ಮ, ಯಾರು ಹೇಳ್ಕೊಟ್ಟಿದ್ದು?" ಎಂದು ಉತ್ತರಪತ್ರಿಕೆ ತಿದ್ದಿದ ಮೇಡಂ ಕೇಳಿದರು.

ಬಾಗಿಲು, ನಲ್ಲಿ, ಒಲೆಯ ಚೀಟಿಗಳನ್ನು ನನ್ನ ಸೊಟ್ಟ ಅಕ್ಷರದಲ್ಲಿ ಮತ್ತೆ ಬರೆದು ಅಂಟಿಸಿದ್ದೇನೆ. ಮಂಚದ ತಲೆಯ ಜಾಗ ಮಾತ್ರ ಹಾಗೇ ಇದೆ. ಹೊಸದೊಂದು ಕ್ರಿಯಾವಿಶೇಷಣ ಕಲಿತಾಗಲೆಲ್ಲ ಚೀಟಿಯಲ್ಲಿ ಬರೆದು ಅಲ್ಲಿ ಹಿಡಿಯುತ್ತೇನೆ. "ಇದೇನಾ ಮಗಳೇ?" ಅಂತ ಕೇಳುತ್ತೇನೆ.

ಕದ್ದು ನೋಡಿದರೆ ಮಾತಾಡುವುದಿಲ್ಲ ಅಂದಿದ್ದಳು. ನಾನು ನೋಡಲೇ ಇಲ್ಲ. ಆದರೂ ಅವಳು ಮಾತಾಡುವುದಿಲ್ಲ.